ಮಹಾದಂಡನಾಯಕನ ಬಂಗಲೆ ಪ್ರಧಾನಿಯ ಮನೆಯಾದ ಕಥೆ

ದೆಹಲಿಯ ತೀನ್ ಮೂರ್ತಿ ವೃತ್ತದಲ್ಲಿ ಮೂವರು ಯೋಧರ ಪ್ರತಿಮೆಗಳಿವೆ. ಮೊದಲ ಮಹಾಯುದ್ಧದಲ್ಲಿ ಹೋರಾಡಿದ ಜೋಧಪುರ, ಹೈದರಾಬಾದ್ ಮತ್ತು ನಮ್ಮ ಮೈಸೂರು ಸಂಸ್ಥಾನದ ಅಶ್ವದಳಗಳ ನೆನಪಿಗೆ ನಿಲ್ಲಿಸಿದ ಮೂರ್ತಿಗಳವು. ಪಕ್ಕದ ಭವ್ಯ ಬಂಗಲೆ 1930ರಲ್ಲಿ ಸಿದ್ಧವಾದದ್ದು ಬ್ರಿಟಿಷ್ ಭಾರತದ ಕಮಾಂಡರ್ ಇನ್ ಚೀಫ್‌ಗಾಗಿ. 1948ರಲ್ಲಿ ಅಲ್ಲಿಗೆ ವಾಸಕ್ಕೆ ಬಂದವರು ಪ್ರಧಾನಿ ನೆಹರೂ. ಸೇನೆಯ ಮೇಲೆ ಕೊನೆಯ ಮಾತು ಯಾರದು ಎಂಬ ಪ್ರಶ್ನೆಗೆ ಹೊಸ ದೇಶದ ಉತ್ತರ ಈ ಮನೆ ಬದಲಾವಣೆಯಲ್ಲೇ ಕಾಣುತ್ತದೆ.

ಆ ಪ್ರಶ್ನೆ ಹಳೆಯದು. ಸೇನಾಪತಿ ಕಿಚನರ್‌ಗೆ ತನ್ನ ಪ್ರಸ್ತಾವಗಳು ವೈಸರಾಯ್ ಮಂಡಳಿಯ ಮಿಲಿಟರಿ ಸದಸ್ಯನ ಕೈದಾಟಿ ಹೋಗುವುದು ಸಹ್ಯವಾಗಲಿಲ್ಲ. ಸೇನೆಯ ವಿಷಯದಲ್ಲಿ ಸರ್ಕಾರಕ್ಕೆ ಒಬ್ಬನೇ ಸಲಹೆಗಾರನಿರುವುದು ಸರಿಯಲ್ಲ ಎಂದು ವೈಸರಾಯ್ ಕರ್ಜನ್ ಪಟ್ಟುಹಿಡಿದರು. ಲಂಡನ್ ಕಿಚನರ್ ಕಡೆ ವಾಲಿತು. 1905ರಲ್ಲಿ ಕರ್ಜನ್ ರಾಜೀನಾಮೆ ಕೊಟ್ಟರು.

ಸ್ವಾತಂತ್ರ್ಯದೊಂದಿಗೆ ಆ ಏಕಹಸ್ತ ಅಧಿಕಾರ ಒಡೆಯಿತು. ಮೂರು ಸೇನೆಗಳಿಗೆ ಮೂವರು ಮುಖ್ಯಸ್ಥರಾದರು. 1949ರ ಜನವರಿ 15ರಂದು ಕೊಡಗಿನ ಕೆ.ಎಂ. ಕಾರ್ಯಪ್ಪ ಜನರಲ್ ಬುಚರ್ ಅವರಿಂದ ಭೂಸೇನೆಯ ಹೊಣೆ ವಹಿಸಿಕೊಂಡರು. ಅದೇ ದಿನ ಇಂದಿಗೂ ಸೇನಾ ದಿನ. ಸಂವಿಧಾನದ 53ನೇ ವಿಧಿ ಸಶಸ್ತ್ರ ಪಡೆಗಳ ಸರ್ವೋಚ್ಚ ಅಧಿಕಾರವನ್ನು ರಾಷ್ಟ್ರಪತಿಗೆ ಒಪ್ಪಿಸಿತು. 1955ರಲ್ಲಿ ‘ಕಮಾಂಡರ್ ಇನ್ ಚೀಫ್’ ಎಂಬ ಪದನಾಮವೂ ಹೋಯಿತು.

ಈ ವ್ಯವಸ್ಥೆಯ ಬಿಗಿಯನ್ನು ಕೊಡಗಿನ ಇನ್ನೊಬ್ಬ ಮಗ ಎದುರಿಸಬೇಕಾಯಿತು. ರಕ್ಷಣಾ ಸಚಿವ ಕೃಷ್ಣ ಮೆನನ್ ಜತೆಗಿನ ಭಿನ್ನಾಭಿಪ್ರಾಯದಿಂದ ಭೂಸೇನೆಯ ಮುಖ್ಯಸ್ಥ ಜನರಲ್ ತಿಮ್ಮಯ್ಯ 1959ರಲ್ಲಿ ರಾಜೀನಾಮೆ ಸಲ್ಲಿಸಿದರು. ನೆಹರೂ ಒತ್ತಾಯಿಸಿದಾಗ ಹಿಂಪಡೆದರು. ನೊಂದ ಸೇನಾನಿಯ ಮುಂದೆ ಇದ್ದದ್ದು ಎರಡೇ ದಾರಿ: ಒಪ್ಪುವುದು, ಇಲ್ಲವೇ ಬಿಟ್ಟು ಹೋಗುವುದು. ದಂಗೆಯೆಂಬ ಮೂರನೆಯ ದಾರಿಯತ್ತ ಅವರು ಹೊರಳಲಿಲ್ಲ. ಮಡಿಕೇರಿಯಲ್ಲಿ ಈಗ ವಸ್ತುಸಂಗ್ರಹಾಲಯವಾಗಿರುವ ಅವರ ಮನೆ ‘ಸನ್ನಿ ಸೈಡ್’ಗೆ ಹೋದವರು ಈ ಸಂಯಮವನ್ನೂ ನೆನೆಯಬೇಕು.

ಆದರೆ ಮೂರು ಸೇನೆಗಳ ನಡುವಿನ ಗೋಡೆಗಳು ಉಳಿದೇ ಇದ್ದವು. ಕಾರ್ಗಿಲ್ ಯುದ್ಧದ ಬಳಿಕ, 2001ರಲ್ಲಿ ಸಚಿವರ ತಂಡ ಮೂರೂ ಸೇನೆಗಳನ್ನು ಬೆಸೆಯುವ ‘ಚೀಫ್ ಆಫ್ ಡಿಫೆನ್ಸ್ ಸ್ಟಾಫ್’ (ಸಿಡಿಎಸ್) ಹುದ್ದೆಗೆ ಶಿಫಾರಸು ಮಾಡಿತು. 2020ರ ಜನವರಿ 1ರಂದು ಜನರಲ್ ಬಿಪಿನ್ ರಾವತ್ ಅದನ್ನು ವಹಿಸಿಕೊಂಡರು. ಈ ಹುದ್ದೆಗೆ ಮೂರು ಸೇನಾ ಮುಖ್ಯಸ್ಥರ ಮೇಲೆ ಆಜ್ಞೆ ಮಾಡುವ ಅಧಿಕಾರವಿಲ್ಲವೆಂದು ಸರ್ಕಾರ ಅದನ್ನು ಸೃಷ್ಟಿಸುವಾಗಲೇ ಸ್ಪಷ್ಟಪಡಿಸಿತ್ತು.

ಗೋಡೆ ಕರಗಿದ್ದು ಕೆಳಗಿನಿಂದ. ಅಂಡಮಾನ್‌ನ ಜಂಟಿ ಕಮಾಂಡ್‌ನಲ್ಲಿ ವಾಯುಪಡೆಯವನೊಬ್ಬ ತಪ್ಪೆಸಗಿದರೆ, ಶಿಸ್ತುಕ್ರಮಕ್ಕೆ ಅವನನ್ನು ಮಾತೃಘಟಕಕ್ಕೆ ಮರಳಿ ಕಳಿಸಬೇಕಿತ್ತು. 2023ರ ಕಾಯ್ದೆ ಆ ಅಧಿಕಾರವನ್ನು ಅಲ್ಲಿನ ಕಮಾಂಡರ್ ಕೈಗೇ ಕೊಟ್ಟಿತು, ಅವರು ಯಾವ ಸಮವಸ್ತ್ರದವರಾದರೂ ಸರಿ.

ಯುದ್ಧದಲ್ಲಿ ಆಜ್ಞೆ ಒಂದೇ ಬಾಯಿಂದ ಬರಬೇಕು. ಆ ಬಾಯಿ ಜನರಿಗೆ ಉತ್ತರ ಕೊಡುವವರ ಮಾತು ಮೀರಬಾರದು. ಕರ್ಜನ್ ಸೋತದ್ದು ಎರಡನೆಯದಕ್ಕಾಗಿ. ನಾವು ಅದನ್ನು ಗಳಿಸಿಕೊಂಡು, ಈಗ ಮೊದಲನೆಯದನ್ನು ಕಟ್ಟುತ್ತಿದ್ದೇವೆ.