ಕೊರತೆ ತುಂಬುವ ಪದದ ಕಥೆ

ಇಂಗ್ಲಿಷಿನ ‘ಕಾಂಪ್ಲೆಮೆಂಟ್’ ಪದದ ಬೇರು ಲ್ಯಾಟಿನ್ನಿನ ‘ಕಾಂಪ್ಲೇರೆ’ ಎಂಬ ಕ್ರಿಯಾಪದದಲ್ಲಿದೆ. ತುಂಬಿಸು, ಭರ್ತಿ ಮಾಡು ಎಂದು ಅದರ ಅರ್ಥ. ಭರ್ತಿ ಮಾಡುವಂಥದ್ದು ‘ಕಾಂಪ್ಲೆಮೆಂಟುಮ್’. 14ನೇ ಶತಮಾನ ಮುಗಿಯುವ ಹೊತ್ತಿಗೆ ಅದು ಇಂಗ್ಲಿಷಿಗೂ ಬಂದಿತ್ತು. ಕಂಪ್ಲೀಟ್, ಸಪ್ಲೈ, ಸಪ್ಲಿಮೆಂಟ್ ಪದಗಳೆಲ್ಲ ಇದೇ ಮನೆತನದವು. ಇನ್ನೂ ಹಿಂದಕ್ಕೆ ಹೋದರೆ ಲ್ಯಾಟಿನ್ನಿನ ‘ಪ್ಲೇನುಸ್’, ಸಂಸ್ಕೃತದ ‘ಪೂರ್ಣ’ ಎರಡೂ ಒಂದೇ ಇಂಡೋ-ಯುರೋಪಿಯನ್ ಧಾತುವಿನಿಂದ ಹುಟ್ಟಿದವು. ಕನ್ನಡ ಪಠ್ಯಪುಸ್ತಕಗಳು ಬಳಸುವ ‘ಪೂರಕ’ ಹೀಗೆ ಈ ಪದಕ್ಕೆ ದೂರದ ದಾಯಾದಿಯೇ ಆಗಬೇಕು.

ಈ ಪದಕ್ಕೆ ಒಂದು ಷರತ್ತು ಅಂಟಿಕೊಂಡಿದೆ. ಒಟ್ಟು ಎಷ್ಟು ಎಂಬುದು ಮೊದಲೇ ನಿಗದಿಯಾಗಿರಬೇಕು. ಆ ಒಟ್ಟಿಗೆ ಇನ್ನೆಷ್ಟು ಕಡಿಮೆ ಬಿದ್ದಿದೆಯೋ ಅದು ಕಾಂಪ್ಲೆಮೆಂಟ್. ಭರ್ತಿಯಾದ ಮೇಲೂ ಸೇರಿಸಿದ್ದು ಸಪ್ಲಿಮೆಂಟ್. ಭಾನುವಾರದ ಪುರವಣಿ ಈ ಲೆಕ್ಕದಲ್ಲಿ ಸಪ್ಲಿಮೆಂಟೇ. ಅದು ಬಾರದಿದ್ದರೂ ಪತ್ರಿಕೆ ಪೂರ್ತಿಯಾಗಿಯೇ ಇರುತ್ತದೆ. ಕನ್ನಡ ಈ ಗೆರೆಯನ್ನು ಅಷ್ಟು ಬಿಗಿಯಾಗಿ ಎಳೆದಿಲ್ಲ. ಗಣಿತದ ‘ಪೂರಕ ಕೋನ’ ಕಾಂಪ್ಲೆಮೆಂಟರಿ, ಪಿಯುಸಿಯಲ್ಲಿ 2023ರವರೆಗೆ ಇದ್ದ ‘ಪೂರಕ ಪರೀಕ್ಷೆ’ ಸಪ್ಲಿಮೆಂಟರಿ. ಹಡಗಿನವರು ಮಾತ್ರ ಷರತ್ತನ್ನು ಇಂದಿಗೂ ಚಾಚೂ ತಪ್ಪದೆ ಪಾಲಿಸುತ್ತಾರೆ. ಹಡಗು ನಡೆಸಲು ಬೇಕೆಂದು ಗೊತ್ತುಮಾಡಿದ ಸಿಬ್ಬಂದಿಯ ಪೂರ್ಣ ಸಂಖ್ಯೆಯೇ ಅವರಿಗೆ ಕಾಂಪ್ಲೆಮೆಂಟ್.

ಹೊಗಳಿಕೆಯ ‘ಕಾಂಪ್ಲಿಮೆಂಟ್’ ಇದರ ಒಡಹುಟ್ಟು. ಉಚ್ಚಾರಣೆ ಹೆಚ್ಚುಕಡಿಮೆ ಒಂದೇ, ಬರೆಯುವಾಗ ನಡುವೆ ‘ಇ’ ಬರಬೇಕೋ ‘ಐ’ ಬರಬೇಕೋ ಎಂಬುದಷ್ಟೇ ಭೇದ. ಅದೇ ಲ್ಯಾಟಿನ್ ಕ್ರಿಯಾಪದ ಸ್ಪೇನಿನಲ್ಲಿ ‘ಕುಂಪ್ಲಿರ್’ ಆಗಿ, ಕರ್ತವ್ಯ ಪೂರೈಸು, ಶಿಷ್ಟಾಚಾರ ಪಾಲಿಸು ಎಂಬ ಅರ್ಥ ಪಡೆಯಿತು. ದೊಡ್ಡವರಿಗೆ ಸಲ್ಲಿಸಬೇಕಾದ ಮರ್ಯಾದೆಯನ್ನು ಸಲ್ಲಿಸಿ ಮುಗಿಸುವುದೂ ಒಂದು ಬಗೆಯ ಭರ್ತಿಯೇ ತಾನೇ. ಸ್ಪೇನಿನಿಂದ ಇಟಲಿ, ಅಲ್ಲಿಂದ ಫ್ರಾನ್ಸ್ ಸುತ್ತಿಕೊಂಡು ಪದ ಇಂಗ್ಲೆಂಡಿಗೆ ಎರಡನೇ ಸಲ ಬಂತು. ಅದಕ್ಕೂ ಮೊದಲು ಆಸ್ಥಾನದ ಉಪಚಾರಕ್ಕೂ ‘ಇ’ ಇರುವ ಹಳೆಯ ರೂಪವೇ ನಡೆಯುತ್ತಿತ್ತು. 1598ರಲ್ಲಿ ಅಚ್ಚಾದ ಷೇಕ್ಸ್‌ಪಿಯರನ ‘ಲವ್ಸ್ ಲೇಬರ್ಸ್ ಲಾಸ್ಟ್’ ನಾಟಕದಲ್ಲಿ ಅತಿ ವಿನಯದ ಅರ್ಮಾದೋನನ್ನು ಬಣ್ಣಿಸಲು ಬಳಕೆಯಾಗಿರುವುದು ಆ ರೂಪವೇ. ಆ ಪಾತ್ರ ಸ್ಪೇನಿನವನದು ಎಂಬುದು ಸ್ವಾರಸ್ಯ. 17ನೇ ಶತಮಾನದ ಉತ್ತರಾರ್ಧದಲ್ಲಿ ಫ್ರೆಂಚ್ ಕಾಗುಣಿತ ಗೆದ್ದು ಇಬ್ಬರೂ ಬೇರೆಯಾದರು. 1755ರ ತನ್ನ ನಿಘಂಟಿನಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ಕಾಂಪ್ಲಿಮೆಂಟಿಗೆ ಅರ್ಥ ಬರೆಯುವಾಗ, ಅದರಲ್ಲಿ ಸ್ವಲ್ಪ ಬೂಟಾಟಿಕೆಯೂ ಬೆರೆತಿರುತ್ತದೆ ಎಂದು ಕುಟುಕಲು ಮರೆಯಲಿಲ್ಲ. ಲೇಖಕರಿಗೆ ಸಲ್ಲುವ ‘ಗೌರವ ಪ್ರತಿ’, ಹೋಟೆಲಿನವರು ಬಾಡಿಗೆಯ ಜೊತೆಗೆ ಬಿಟ್ಟಿಯಾಗಿ ಕೊಡುವ ತಿಂಡಿ, ಸ್ಮರಣ ಸಂಚಿಕೆಯ ಜಾಹೀರಾತಿನ ‘ಬೆಸ್ಟ್ ಕಾಂಪ್ಲಿಮೆಂಟ್ಸ್’ ಇವೆಲ್ಲ ಮರ್ಯಾದೆಯ ಕವಲಿನವು, ‘ಐ’ ಬೇಡುವವು. ಎರಡೂ ಸರಿಯಾದ ಪದಗಳೇ ಆಗಿರುವುದರಿಂದ ಕಂಪ್ಯೂಟರಿನ ಕಾಗುಣಿತ ಪರೀಕ್ಷೆಯಲ್ಲಿ ತಪ್ಪು ಎಷ್ಟೋ ಸಲ ನುಸುಳಿಬಿಡುತ್ತದೆ.

ಗಣಿತದಲ್ಲಿ ಒಟ್ಟು ಎಷ್ಟೆಂಬ ಗೊಂದಲವೇ ಇಲ್ಲ. ಒಂದು ಕೋನಕ್ಕೆ ಎಷ್ಟು ಕೂಡಿಸಿದರೆ 90 ಡಿಗ್ರಿ ಆಗುತ್ತದೋ ಅದು ಅದರ ಪೂರಕ. ತ್ರಿಕೋನಮಿತಿಯ ‘ಕೊಸೈನ್’ ಅಂದರೆ ಪೂರಕ ಕೋನದ ಸೈನ್. ಈ ಸಂಕ್ಷಿಪ್ತ ರೂಪವನ್ನು 1620ರಲ್ಲಿ ಬಳಕೆಗೆ ತಂದವನು ಲಂಡನ್ನಿನ ಎಡ್ಮಂಡ್ ಗಂಟರ್. ಭಾರತದ ಜ್ಯೋತಿರ್ಗಣಿತಜ್ಞರು ಬಹು ಹಿಂದೆಯೇ ಇದನ್ನು ‘ಕೋಟಿಜ್ಯಾ’ ಎಂದು ಕರೆದಿದ್ದರು. ‘ಜ್ಯಾ’ ಅರಬ್ಬರ ಕೈದಾಟಿ ‘ಸೈನ್’ ಆದದ್ದು ನಿಜ. ಆದರೆ ಕೊಸೈನಿನ ‘ಕೊ’ ಬಂದದ್ದು ಕಾಂಪ್ಲೆಮೆಂಟಿನಿಂದ, ‘ಕೋಟಿ’ಯಿಂದಲ್ಲ.

ಪೂರಕದಿಂದ ಯಂತ್ರವನ್ನೇ ನಡೆಸಬಹುದೆಂದು ತೋರಿಸಿದವನು ಬ್ಲೇಸ್ ಪ್ಯಾಸ್ಕಲ್. ತೆರಿಗೆ ಲೆಕ್ಕದಲ್ಲಿ ಮುಳುಗಿದ್ದ ತಂದೆಗೆ ನೆರವಾಗಲೆಂದು 1642ರಲ್ಲಿ ಅವನು ಕೂಡುವ ಯಂತ್ರ ಕಟ್ಟಲು ತೊಡಗಿದ. ಅದರ ಚಕ್ರಗಳು ಒಂದೇ ದಿಕ್ಕಿಗೆ ತಿರುಗುತ್ತಿದ್ದವು, ಹಿಮ್ಮುಖವಾಗಿ ತಿರುಗಿಸಿ ಕಳೆಯುವಂತಿರಲಿಲ್ಲ. ಅದಕ್ಕೆ ಅವನು ಒಂಬತ್ತರ ಪೂರಕದ ಮೊರೆಹೋದ. 73ರಲ್ಲಿ 28 ಕಳೆಯಬೇಕು ಎನ್ನೋಣ. 73ರ ಒಂದೊಂದು ಅಂಕಿಯನ್ನೂ 9ಕ್ಕೆ ಭರ್ತಿ ಮಾಡಲು ಬೇಕಾದದ್ದು 26. ಅದಕ್ಕೆ 28 ಕೂಡಿಸಿದರೆ 54. ಇದರ ಪೂರಕ 45, ಅದೇ ಉತ್ತರ. ಬರೀ ಕೂಡಿದ್ದಾಯಿತು, ಕಳೆದದ್ದೂ ಆಯಿತು. ಯಂತ್ರದ ಉರುಳೆಗಳ ಮೇಲೆ ಅಂಕಿಗಳ ಎರಡು ಸಾಲು ಇರುತ್ತಿದ್ದವು, ಒಂದು ಇನ್ನೊಂದರ ಪೂರಕ. ಹೀಗಾಗಿ ಈ ಲೆಕ್ಕವನ್ನು ಬಾಯಲ್ಲಿ ಮಾಡುವ ಪ್ರಮೇಯವೂ ಇರಲಿಲ್ಲ.

ಇಂದಿನ ಕಂಪ್ಯೂಟರುಗಳು ಋಣಸಂಖ್ಯೆಯನ್ನು ಇಟ್ಟುಕೊಳ್ಳುವುದೂ ಇದೇ ತಂತ್ರದಿಂದ. ಎಂಟು ಬಿಟ್‌ಗಳ ಲೆಕ್ಕದಲ್ಲಿ ಒಟ್ಟು 256. ಆದ್ದರಿಂದ ಮೈನಸ್ 5 ಎಂದರೆ 251. ‘ಟೂಸ್ ಕಾಂಪ್ಲೆಮೆಂಟ್’ ಎಂಬ ಈ ಪದ್ಧತಿಯನ್ನು ಜಾನ್ ಫಾನ್ ನಾಯ್ಮನ್ ಎಡ್ವಾಕ್ ಎಂಬ ಕಂಪ್ಯೂಟರಿನ ಕುರಿತ 1945ರ ವರದಿಯಲ್ಲಿ ಸೂಚಿಸಿದ್ದ. 1964ರಲ್ಲಿ ಪ್ರಕಟವಾದ ಐಬಿಎಂ ಸಿಸ್ಟಂ/360 ಸಹ ಇದನ್ನೇ ಆಯ್ದುಕೊಂಡಿತು.

ವೈದ್ಯಶಾಸ್ತ್ರದಲ್ಲಿ ಪದದ ಹಣೆಬರಹ ಬೇರೆ. 1890ರ ದಶಕದಲ್ಲಿ ಪ್ಯಾರಿಸ್ಸಿನ ಪ್ಯಾಶ್ಚರ್ ಸಂಸ್ಥೆಯಲ್ಲಿದ್ದ ಬೆಲ್ಜಿಯಂನ ಜೂಲ್ ಬೋರ್ದೆ, ರೋಗನಿರೋಧ ಪಡೆದ ಪ್ರಾಣಿಯ ರಕ್ತದ್ರವವನ್ನು ಸುಮಾರು 55 ಡಿಗ್ರಿಗೆ ಕಾಯಿಸಿ ನೋಡಿದ. ಕಾಲರಾ ರೋಗಾಣುವನ್ನು ಕರಗಿಸುವ ಅದರ ಶಕ್ತಿ ಉಡುಗಿಹೋಯಿತು. ಯಾವ ನಿರೋಧವೂ ಇಲ್ಲದ ಪ್ರಾಣಿಯ ತಾಜಾ ದ್ರವವನ್ನು ಒಂದಿಷ್ಟು ಬೆರೆಸಿದ್ದೇ ತಡ, ಶಕ್ತಿ ಮರಳಿತು. ಅಂದರೆ ಅಲ್ಲಿ ಎರಡು ವಸ್ತುಗಳಿದ್ದವು: ಬಿಸಿ ತಾಳುವುದೊಂದು, ತಾಳದ್ದು ಇನ್ನೊಂದು. ತಾಳದ್ದಕ್ಕೆ ‘ಅಲೆಕ್ಸಿನ್’ ಎಂಬ ಹೆಸರು ಆಗಲೇ ಚಲಾವಣೆಯಲ್ಲಿತ್ತು, ಬೋರ್ದೆ ಅದನ್ನೇ ಹಿಡಿದುಕೊಂಡ. ಜರ್ಮನಿಯ ಪೌಲ್ ಎರ್ಲಿಶ್ ಮಾತ್ರ, ಮೊದಲನೆಯದರ ಕೆಲಸವನ್ನು ಪೂರ್ತಿಗೊಳಿಸುವುದರಿಂದ ಅದು ‘ಕಾಂಪ್ಲೆಮೆಂಟ್’ ಎಂದ. 1919ರ ನೊಬೆಲ್ ಬೋರ್ದೆಗೆ ದಕ್ಕಿತು, ಹೆಸರು ಉಳಿದದ್ದು ಎರ್ಲಿಶ್ ಇಟ್ಟದ್ದು. 30ಕ್ಕೂ ಹೆಚ್ಚು ಪ್ರೋಟೀನುಗಳ ಈ ತಂಡ ಪ್ರತಿಕಾಯಗಳಿಗೆ, ಅಂದರೆ ಬಿಸಿ ತಾಳುವ ಆ ಮೊದಲ ವಸ್ತುವಿಗೆ, ಕಾಯದೆ ತಾನೇ ರೋಗಾಣುವಿನ ಮೇಲೆ ಬೀಳಬಲ್ಲದು ಎಂಬುದು ಆಮೇಲೆ ಗೊತ್ತಾಯಿತು. ಬರೀ ಭರ್ತಿಯ ಸಹಾಯಕ ಎನ್ನುವ ಹೆಸರು ಅದಕ್ಕೆ ಈಗ ಸಾಲದು.

ಇಂಗ್ಲಿಷ್ ವ್ಯಾಕರಣದ ಕಾಂಪ್ಲೆಮೆಂಟ್ ಶಾಲೆಯಲ್ಲಿ ಹುಡುಗರನ್ನು ಗೋಳಾಡಿಸುವಂಥದ್ದು. ‘ಶಿ ಈಸ್’ ಎಂದು ನಿಲ್ಲಿಸಿದರೆ ಮಾತು ಅರ್ಧಕ್ಕೇ ತುಂಡಾಗುತ್ತದೆ. ‘ಎ ಡಾಕ್ಟರ್’ ಸೇರಿದರೆ ತುಂಬುತ್ತದೆ. ‘ದೇ ಮೇಡ್ ಹಿಮ್ ಕ್ಯಾಪ್ಟನ್’ ಎಂಬಲ್ಲಿ ಕ್ಯಾಪ್ಟನ್ ಆದವನು ಅವನೇ, ಹಾಗಾಗಿ ಅದು ಕರ್ಮದ ಕಾಂಪ್ಲೆಮೆಂಟ್. ‘ದೇ ಮೇಡ್ ಹಿಮ್ ಟೀ’ ಎಂಬುದರ ಹೊರಮೈ ಹಾಗೆಯೇ ಕಂಡರೂ ಅವನು ಚಹಾ ಆಗಲಿಲ್ಲ, ಅವನಿಗೆ ಚಹಾ ಮಾಡಿಕೊಟ್ಟರು. ಅಲ್ಲಿ ಕಾಂಪ್ಲೆಮೆಂಟ್ ಇಲ್ಲ. ‘ಅವಳು ಡಾಕ್ಟರು’ ಎಂದು ಕ್ರಿಯಾಪದವನ್ನೇ ಕರೆಯದೆ ವಾಕ್ಯ ಮುಗಿಸುವ ಕನ್ನಡಿಗರಿಗೆ, ಅರೆಬರೆ ಕ್ರಿಯಾಪದವನ್ನು ತುಂಬಿಸುವ ಈ ಪಾಠ ತಲೆಗೆ ಹತ್ತದಿದ್ದರೆ ಅಚ್ಚರಿಯಿಲ್ಲ. ಭಾಷಾವಿಜ್ಞಾನಿಗಳು ಪದವನ್ನು ಇನ್ನಷ್ಟು ಹಿಗ್ಗಿಸಿದ್ದಾರೆ. ಪೀಟರ್ ರೋಸೆನ್‌ಬಾಮ್‌ನ 1967ರ ಪುಸ್ತಕದ ವಸ್ತು ಇಡೀ ಉಪವಾಕ್ಯಗಳೇ ಕಾಂಪ್ಲೆಮೆಂಟ್ ಆಗುವ ರಚನೆಗಳು. ಅಂಥ ಉಪವಾಕ್ಯವನ್ನು ಇಂಗ್ಲಿಷಿನಲ್ಲಿ ‘ದಟ್’ ಜೋಡಿಸುತ್ತದೆ. ಕನ್ನಡದಲ್ಲಿ ಆ ಕೆಲಸ ‘ಎಂದು’, ‘ಅಂತ’ಗಳದು.

ಅರ್ಥಶಾಸ್ತ್ರಕ್ಕೆ ಬಂದರೆ ಹಳೆಯ ಷರತ್ತು ಸಡಿಲವಾಗುತ್ತದೆ. ಕಾರು ಮತ್ತು ಪೆಟ್ರೋಲು ‘ಪೂರಕ ಸರಕುಗಳು’: ಒಂದರ ಬೆಲೆ ಏರಿದರೆ ಇನ್ನೊಂದರ ಬೇಡಿಕೆಯೂ ಇಳಿಯುತ್ತದೆ. ಇಲ್ಲಿ ಮೊದಲೇ ಗೊತ್ತುಮಾಡಿದ ಒಟ್ಟು ಎಂಬುದಿಲ್ಲ, ಜೊತೆಯಾಗಿ ಬಳಕೆಯಾಗುವುದಷ್ಟೇ ಮುಖ್ಯ. ನೀಲ್ಸ್ ಬೋರ್ 1927ರಲ್ಲಿ ಇಟಲಿಯ ಕೋಮೋದಲ್ಲಿ ಮಂಡಿಸಿದ ಪೂರಕತೆಯ ತತ್ತ್ವದಲ್ಲಿ ಒಟ್ಟು ಎಂಬುದಿದೆ, ಒಂದೇ ಪ್ರಯೋಗದಲ್ಲಿ ಮಾತ್ರ ಅದು ಸಿಗದು. ಎಲೆಕ್ಟ್ರಾನಿನ ಅಲೆಯ ಗುಣ, ಕಣದ ಗುಣ ಎರಡೂ ಬೇಕು, ಎರಡನ್ನೂ ಒಟ್ಟಿಗೆ ಕಾಣುವಂತಿಲ್ಲ.

ದಿನಬಳಕೆಯ ಇಂಗ್ಲಿಷಿನಲ್ಲಿ ಇದು ಹೆಚ್ಚಾಗಿ ‘ಒಪ್ಪುತ್ತದೆ’ ಎನ್ನುವ ಕ್ರಿಯಾಪದ: ಸೋಫಾಕ್ಕೆ ಪರದೆ ಒಪ್ಪುತ್ತದೆ, ಸೀರೆಗೆ ರವಿಕೆ ಒಪ್ಪುತ್ತದೆ. ಬಣ್ಣದ ಶಾಸ್ತ್ರಕ್ಕೆ ಈ ಬಳಕೆ ಅಷ್ಟಾಗಿ ಹೊಂದುವುದಿಲ್ಲ. ಅಲ್ಲಿ ಪೂರಕ ಬಣ್ಣವೆಂದರೆ ವರ್ಣಚಕ್ರದ ಎದುರು ಬದಿಯದು. ಪ್ಯಾರಿಸ್ಸಿನ ಗೋಬ್ಲಾಂ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣದ ವಿಭಾಗ ನೋಡಿಕೊಳ್ಳುತ್ತಿದ್ದ ರಸಾಯನಶಾಸ್ತ್ರಜ್ಞ ಶೆವ್ರಲ್‌ಗೆ ಕಪ್ಪು ನೂಲು ಮಂಕಾಗಿ ಕಾಣುತ್ತದೆಂಬ ದೂರು ಬಂದಿತ್ತು. ಹುಡುಕಿದಾಗ ಬಣ್ಣದಲ್ಲಿ ದೋಷವಿರಲಿಲ್ಲ, ಕಪ್ಪಿನ ಪಕ್ಕದಲ್ಲಿ ನೇಯ್ದ ನೀಲಿ, ನೇರಳೆ ನೂಲುಗಳೇ ಅದನ್ನು ಕೆಡಿಸುತ್ತಿದ್ದವು. ಅಕ್ಕಪಕ್ಕದ ಬಣ್ಣಗಳು ಪರಸ್ಪರ ತಮ್ಮ ಪೂರಕದ ಛಾಯೆ ಸವರುತ್ತವೆ ಎಂದು 1839ರ ಗ್ರಂಥದಲ್ಲಿ ಅವನು ವಿವರಿಸಿದ. ಹಸಿರು ಸೀರೆಗೆ ಕೆಂಪು ಅಂಚು ಎದ್ದು ಕಾಣುವುದು ಆ ನಿಯಮದಿಂದ. ಅಂಗಡಿಯವರು ಅದಕ್ಕೆ ‘ಕಾಂಟ್ರಾಸ್ಟ್’ ಎನ್ನುತ್ತಾರೆ, ಶೆವ್ರಲ್‌ನ ಗ್ರಂಥದ ಶೀರ್ಷಿಕೆಯಲ್ಲಿ ಇರುವುದೂ ಅದೇ ಪದ.