ಬಿಡಬಾರದ ಕೈ, ಮೀರಬಾರದ ಗೆರೆ

108ಕ್ಕೆ ಕರೆ ಮಾಡಿದರೆ ಬರುವ ಆಂಬುಲೆನ್ಸ್‌ನಲ್ಲಿ ಇಬ್ಬರಿರುತ್ತಾರೆ. ಸ್ಟೀರಿಂಗ್ ಹಿಡಿದವರನ್ನು ಅಲ್ಲಿ ‘ಪೈಲಟ್’ ಎನ್ನುತ್ತಾರೆ. ಹಿಂದೆ ರೋಗಿಯ ಪಕ್ಕ ಕೂರುವವರು ಇಎಂಟಿ, ಅಂದರೆ ತುರ್ತು ವೈದ್ಯಕೀಯ ತಂತ್ರಜ್ಞ. ಹಳ್ಳಿಗಳಲ್ಲಿ ಅವರನ್ನೂ ‘ಡಾಕ್ಟ್ರೇ’ ಎಂದು ಕರೆಯುವುದುಂಟು. ಅವರು ಡಾಕ್ಟರಲ್ಲ. ಆದರೆ ಆಸ್ಪತ್ರೆಯ ಬಾಗಿಲು ಮುಟ್ಟುವವರೆಗೆ ರೋಗಿಗೆ ಅವರನ್ನು ಬಿಟ್ಟರೆ ಬೇರೆ ದಿಕ್ಕಿಲ್ಲ. ಆ ಹೊತ್ತಿನಲ್ಲಿ ಅವರು ಏನು ಮಾಡಲೇಬೇಕು, ಏನು ಮಾಡಕೂಡದು ಎಂಬುದು ಕರೆ ಮಾಡುವ ನಮಗೂ ಗೊತ್ತಿದ್ದರೆ ಒಳ್ಳೆಯದು. ಆಂಬುಲೆನ್ಸ್ ಬಾಗಿಲಲ್ಲಿ ನಡೆಯುವ ಜಗಳಗಳಲ್ಲಿ ಬಹುಪಾಲು ಇದು ಗೊತ್ತಿಲ್ಲದೆ ಹುಟ್ಟಿದವು.

108 ಸೇವೆ ಮೊದಲು ಶುರುವಾದದ್ದು ಹೈದರಾಬಾದಿನಲ್ಲಿ, 2005ರ ಆಗಸ್ಟ್ 15ರಂದು. ಕರ್ನಾಟಕಕ್ಕೆ ಅದು ‘ಆರೋಗ್ಯ ಕವಚ’ ಎಂಬ ಹೆಸರಿನಲ್ಲಿ 2008ರ ರಾಜ್ಯೋತ್ಸವದ ದಿನ ಬಂತು. 2015ರ ಏಪ್ರಿಲ್‌ನಲ್ಲಿ ಬೈಕ್ ಆಂಬುಲೆನ್ಸ್‌ಗಳೂ ರಸ್ತೆಗಿಳಿದವು. ವಾಹನಗಳಲ್ಲಿ ಎರಡು ದರ್ಜೆ: ಆಕ್ಸಿಜನ್, ಸ್ಟ್ರೆಚರ್, ಪ್ರಥಮ ಚಿಕಿತ್ಸೆಯ ಸಾಮಗ್ರಿ ಇರುವ ಬಿಎಲ್‌ಎಸ್ ಒಂದು, ವೆಂಟಿಲೇಟರ್, ಹೃದಯಕ್ಕೆ ಶಾಕ್ ಕೊಡುವ ಯಂತ್ರ ಇರುವ ಎಎಲ್‌ಎಸ್ ಇನ್ನೊಂದು. ನಮ್ಮ ರಾಜ್ಯದ ಇಎಂಟಿಗಳಲ್ಲಿ ನರ್ಸಿಂಗ್ ಓದಿ ಬಂದವರು ಹಲವರಿದ್ದಾರೆ. ಒಂದು ಶಿಫ್ಟ್ ಎಂದರೆ ಹನ್ನೆರಡು ಗಂಟೆ.

ಈ ಸೇವೆಗಿಂತ ಮೊದಲೇ ಅದಕ್ಕೆ ಕಾನೂನಿನ ಬುನಾದಿ ಬಿದ್ದಿತ್ತು. ಕಾರು ಗುದ್ದಿ ಗಾಯಗೊಂಡ ಸ್ಕೂಟರ್ ಸವಾರನೊಬ್ಬನನ್ನು ಹತ್ತಿರದ ಆಸ್ಪತ್ರೆಯವರು ‘ಇದು ಪೊಲೀಸ್ ಕೇಸು, ನಮಗೆ ಅಧಿಕಾರವಿಲ್ಲ’ ಎಂದು 20 ಕಿಲೋಮೀಟರ್ ಆಚೆಯ ಆಸ್ಪತ್ರೆಗೆ ಸಾಗಹಾಕಿದರು. ಆತ ದಾರಿಯಲ್ಲೇ ಸತ್ತ. ಪತ್ರಿಕೆಯಲ್ಲಿ ಬಂದ ಈ ವರದಿಯನ್ನೇ ಹಿಡಿದು ಪರಮಾನಂದ ಕಟಾರ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದರು. 1989ರ ತೀರ್ಪು ಸ್ಪಷ್ಟವಾಗಿತ್ತು: ಸರ್ಕಾರಿಯಾಗಲಿ ಖಾಸಗಿಯಾಗಲಿ, ಮೊದಲು ಜೀವ ಉಳಿಸಬೇಕು, ಪೊಲೀಸ್ ವಿಧಿವಿಧಾನ ಆಮೇಲೆ. 1992ರಲ್ಲಿ ಬಂಗಾಳದ ಕೃಷಿ ಕಾರ್ಮಿಕರ ಸಂಘದ ಸದಸ್ಯರೊಬ್ಬರು ರೈಲಿನಿಂದ ಬಿದ್ದು ತಲೆಗೆ ಏಟಾಗಿ, ಒಂದಾದ ಮೇಲೊಂದು ಸರ್ಕಾರಿ ಆಸ್ಪತ್ರೆಗೆ ಅಲೆದರೂ ಹಾಸಿಗೆ ಸಿಗಲಿಲ್ಲ. 1996ರಲ್ಲಿ ಕೋರ್ಟು ಅವರಿಗೆ 25,000 ರೂಪಾಯಿ ಪರಿಹಾರ ಕೊಡಿಸಿತು. ತುರ್ತು ಚಿಕಿತ್ಸೆ ನಿರಾಕರಿಸುವುದು ಸಂವಿಧಾನದ 21ನೇ ವಿಧಿ ಕೊಟ್ಟ ಜೀವಿಸುವ ಹಕ್ಕಿನ ಉಲ್ಲಂಘನೆ ಎಂದಿತು. ಯಾವ ಆಸ್ಪತ್ರೆಯಲ್ಲಿ ಹಾಸಿಗೆ ಖಾಲಿ ಇದೆ ಎಂದು ತಿಳಿಯುವ ಸಂಪರ್ಕ ವ್ಯವಸ್ಥೆ ಬೇಕು, ಆಂಬುಲೆನ್ಸ್ ಬೇಕು ಎಂದೂ ಸೂಚಿಸಿತು.

ಇಎಂಟಿಯ ಹೊಣೆ ಶುರುವಾಗುವುದು ಕೇಸು ಒಪ್ಪಿಕೊಂಡ ಕ್ಷಣದಿಂದ. ರಸ್ತೆಯಲ್ಲಿ ಬಿದ್ದವರನ್ನು ದಾರಿಹೋಕ ಎತ್ತದೆ ಹೋದರೆ ಜನ ಬೈಯಬಹುದು, ಸಾಮಾನ್ಯವಾಗಿ ಕಾನೂನು ಹಿಡಿಯುವುದಿಲ್ಲ. ಇಎಂಟಿಗೆ ಆ ಅನುಕೂಲವಿಲ್ಲ. ಕುಡಿದವನಿರಲಿ, ಬೈಯುವವನಿರಲಿ, ಅಪಘಾತ ಮಾಡಿದ ಚಾಲಕನೇ ಇರಲಿ, ಮುಟ್ಟಿದ ಮೇಲೆ ಬಿಡುವಂತಿಲ್ಲ. ರೋಗಿಗೆ ಎಚ್‌ಐವಿ ಇದೆ ಎಂದು ಹಿಂದೆ ಸರಿಯುವಂತಿಲ್ಲ. 2017ರ ಎಚ್‌ಐವಿ ಕಾಯ್ದೆ ಚಿಕಿತ್ಸೆಯಲ್ಲಿ ಭೇದವನ್ನೂ, ಸೋಂಕಿನ ವಿಷಯ ಬಯಲು ಮಾಡುವುದನ್ನೂ ನಿಷೇಧಿಸಿದೆ. ಆಸ್ಪತ್ರೆಯಲ್ಲಿ ವೈದ್ಯರೋ ನರ್ಸೋ ರೋಗಿಯನ್ನು ವಹಿಸಿಕೊಂಡಾಗಲೇ ಈ ಹೊಣೆ ಇಳಿಯುತ್ತದೆ.

ಹೊಣೆ ಎಷ್ಟಿದೆಯೋ ಅಷ್ಟೇ ಗಟ್ಟಿಯಾದ ಮಿತಿಯೂ ಇದೆ. ಪ್ರತಿ ತೊಂದರೆಗೂ ಲಿಖಿತ ಕ್ರಮವೊಂದಿದೆ. ಅದರಾಚೆಗೆ ಔಷಧ ಕೊಡಬೇಕಾದರೆ ಕರೆ ಕೇಂದ್ರದಲ್ಲಿ ಕೂತ ವೈದ್ಯರಿಗೆ ಫೋನ್ ಮಾಡಬೇಕು. ಅವರ ಸೂಚನೆಯನ್ನೂ ಸೂಚನೆ ಬಂದ ಸಮಯವನ್ನೂ ಬರೆದಿಡಬೇಕು. ಸಾವನ್ನು ಘೋಷಿಸುವ ಅಧಿಕಾರ ಇಎಂಟಿಗಿಲ್ಲ. ನಾಡಿ ಸಿಗುತ್ತಿಲ್ಲ ಎಂದು ತಿಳಿದೂ ಎದೆ ಒತ್ತುತ್ತಲೇ ಹೋಗುವುದನ್ನು ಕಂಡವರು ‘ಇದೆಲ್ಲ ನಾಟಕ’ ಎನ್ನುತ್ತಾರೆ. ನಾಟಕವಲ್ಲ. ‘ಹೋಯಿತು’ ಎಂಬ ಮಾತು ವೈದ್ಯರ ಬಾಯಿಂದಲೇ ಬರಬೇಕು.

ಮಿತಿಯೊಳಗೇ ಎಷ್ಟು ಮಾಡಬಹುದು ಎಂದು ತಿಳಿಯಲು ದಾರಿಯಲ್ಲಾಗುವ ಹೆರಿಗೆಯನ್ನು ನೋಡಬೇಕು. 108ರ ಕರೆಗಳಲ್ಲಿ ಗರ್ಭಿಣಿಯರದ್ದೇ ದೊಡ್ಡ ಪಾಲು. ನೋವು ಜೋರಾಗಿ ಇನ್ನು ಆಸ್ಪತ್ರೆ ಮುಟ್ಟಲಾಗದು ಎಂದು ಖಚಿತವಾದರೆ ಪೈಲಟ್ ಗಾಡಿಯನ್ನು ಪಕ್ಕಕ್ಕೆ ಹಾಕುತ್ತಾರೆ. ಇಎಂಟಿ ಗಂಡಸಾಗಿದ್ದರೆ ಏನು ಮಾಡಲಿದ್ದೇನೆ ಎಂದು ತಾಯಿಗೆ ಹೇಳಿ ಒಪ್ಪಿಗೆ ಕೇಳಬೇಕು. ಆಶಾ ಕಾರ್ಯಕರ್ತೆಯೋ ಮನೆಯ ಹೆಂಗಸೋ ಜೊತೆಗಿರುವಂತೆ ನೋಡಿಕೊಳ್ಳಬೇಕು. ಉಳಿದವರನ್ನು ಕೆಳಗಿಳಿಸಿ ಬಾಗಿಲು ಹಾಕಬೇಕು. ಮಗು ಹೊರಬಂದ ಕೂಡಲೇ ಒಣಬಟ್ಟೆಯಲ್ಲಿ ಒರೆಸಿ ತಾಯಿಯ ಎದೆಯ ಮೇಲೆ ಮಲಗಿಸಿ ಹೊದಿಸಬೇಕು. ಹೊಕ್ಕುಳಬಳ್ಳಿಗೆ ಎರಡು ಕಡೆ ಕ್ಲ್ಯಾಂಪ್ ಹಾಕಿ ನಡುವೆ ಕತ್ತರಿಸಬೇಕು. ಮಾಸು ಬೀಳಲೆಂದು ಬಳ್ಳಿ ಹಿಡಿದು ಎಳೆಯಕೂಡದು. ಮಗು ಹುಟ್ಟಿದ ಸಮಯವನ್ನು ಗಂಟೆ, ನಿಮಿಷ ಸಮೇತ ಬರೆಯಬೇಕು. ಮಗು ಅಳದಿದ್ದರೆ ಅದಕ್ಕೂ ಕ್ರಮವಿದೆ. ಇಷ್ಟೂ ನಡೆಯುವುದು ಎದ್ದು ನಿಂತರೆ ತಲೆ ತಾಗುವಷ್ಟು ಜಾಗದಲ್ಲಿ.

ಒಪ್ಪಿಗೆಯ ಪ್ರಶ್ನೆ ಎಲ್ಲ ಕಡೆಯೂ ಇಷ್ಟು ಸುಲಭವಲ್ಲ. ಎಚ್ಚರವಿರುವ, ಬುದ್ಧಿ ಸ್ತಿಮಿತದಲ್ಲಿರುವ ವಯಸ್ಕರು ‘ನಾನು ಬರಲ್ಲ’ ಎಂದರೆ ಎಳೆದೊಯ್ಯುವಂತಿಲ್ಲ. ಆಗುವ ಅಪಾಯವನ್ನು ಅವರಿಗೆ ತಿಳಿಯುವ ಮಾತಿನಲ್ಲಿ ಹೇಳಿ, ನಿರಾಕರಣೆ ಬರೆದು, ಸಹಿ ಪಡೆದು, ಸಾಕ್ಷಿ ಹಾಕಿಸಬೇಕು. ಆದರೆ ತಲೆಗೆ ಏಟು ಬಿದ್ದು ತೊದಲುವವನ, ಕುಡಿದು ಎಚ್ಚರ ತಪ್ಪುತ್ತಿರುವವನ ‘ಬೇಡ’ವನ್ನು ‘ಬೇಡ’ ಎಂದೇ ತಿಳಿಯುವುದು ತಪ್ಪು. ಪ್ರಜ್ಞೆಯಿಲ್ಲದವರಿಗೆ, ಪೋಷಕರು ಜೊತೆಗಿಲ್ಲದ ಮಕ್ಕಳಿಗೆ ಒಪ್ಪಿಗೆಗಾಗಿ ಕಾಯಬೇಕಿಲ್ಲ. 1860ರ ದಂಡ ಸಂಹಿತೆಯೇ ಕುದುರೆಯಿಂದ ಬಿದ್ದು ಪ್ರಜ್ಞೆ ತಪ್ಪಿದವನ ಉದಾಹರಣೆ ಕೊಟ್ಟು, ಅವನ ಒಳಿತಿಗೆಂದು ಸದ್ಭಾವನೆಯಿಂದ ಮಾಡಿದ್ದು ಅಪರಾಧವಲ್ಲ ಎಂದಿತ್ತು. ಈಗ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 30ನೇ ಸೆಕ್ಷನ್ ಅದನ್ನೇ ಹೇಳುತ್ತದೆ.

ಎಂಎಲ್‌ಸಿ ಎಂದು ಕರೆಯುವ ಅಪಘಾತ, ಹಲ್ಲೆ, ವಿಷಪ್ರಾಶನದ ಕೇಸುಗಳಲ್ಲಿ ಇಎಂಟಿ ಅರಿವಿಲ್ಲದೆಯೇ ಮೊದಲ ಸಾಕ್ಷಿಯೂ ಆಗುತ್ತಾರೆ. ಗಾಯಾಳುವನ್ನು ಸಾಗಿಸಲು ಪೊಲೀಸರು ಬರಲೆಂದು ಕಾಯುವಂತಿಲ್ಲ. ಹಾಗೆಂದು ಸಾಕ್ಷ್ಯ ಕೆಡಿಸುವಂತೆಯೂ ಇಲ್ಲ. ಚಾಕುವಿನೇಟಿನ ಅಂಗಿಯನ್ನು ಕತ್ತರಿಸುವಾಗ ಚಾಕು ಹೊಕ್ಕ ತೂತನ್ನು ತಪ್ಪಿಸಿ ಕತ್ತರಿಸಬೇಕು. ನೇಣಿನ ಹಗ್ಗವನ್ನು ಗಂಟು ಬಿಟ್ಟು ಬೇರೆ ಕಡೆ ಕೊಯ್ಯಬೇಕು. ವಿಷದ ಬಾಟಲಿ ಸಿಕ್ಕರೆ ಜೊತೆಗೆ ಒಯ್ಯಬೇಕು. ಗಾಯಾಳು ಸಾಯುವ ಮುನ್ನ ‘ಇಂಥವರು ಹೊಡೆದರು’ ಎಂದರೆ ಆ ಮಾತು ನ್ಯಾಯಾಲಯದಲ್ಲಿ ಮರಣಪೂರ್ವ ಹೇಳಿಕೆಯಾಗಬಲ್ಲದು. ಕೇಳಿಸಿಕೊಂಡಿದ್ದನ್ನು ಅವನದೇ ಮಾತಿನಲ್ಲಿ ಬರೆದಿಡುವುದು ಕ್ಷೇಮ. ಅತ್ಯಾಚಾರಕ್ಕೆ ಒಳಗಾದವರ ಗುರುತು ಪ್ರಕಟಿಸುವುದಂತೂ ಅಪರಾಧವೇ. ಗಾಡಿಯೊಳಗೆ ತೆಗೆದ ಫೋಟೊ ವಾಟ್ಸ್‌ಆ್ಯಪ್‌ಗೆ ಹೋದರೆ ಅದು ನಂಬಿ ಮಲಗಿದ ರೋಗಿಗೆ ಬಗೆದ ದ್ರೋಹ.

ಜನರಿಗೆ ಸಿಟ್ಟು ಬರಿಸುವ ಇನ್ನೆರಡು ನಿಯಮಗಳಿವೆ. ಕರೆಂಟು ತಂತಿ ಹರಿದು ಬಿದ್ದಿದ್ದರೆ, ಹೊಡೆದಾಟ ನಡೆಯುತ್ತಲೇ ಇದ್ದರೆ, ಜಾಗ ಸುರಕ್ಷಿತವಾಗುವವರೆಗೆ ಸಿಬ್ಬಂದಿ ಒಳಗೆ ನುಗ್ಗುವಂತಿಲ್ಲ. ಬಿದ್ದವರ ಲೆಕ್ಕಕ್ಕೆ ಇನ್ನೊಬ್ಬರು ಸೇರಿದರೆ ಯಾರಿಗೂ ಉಪಯೋಗವಿಲ್ಲ. ಬಸ್ಸು ಮಗುಚಿದಂಥ ಕಡೆ ಮೊದಲು ಬಂದ ತಂಡ ಕೈಗೆ ಸಿಕ್ಕವರನ್ನು ಹೇರಿಕೊಂಡು ಓಡುವುದಿಲ್ಲ. ಎಲ್ಲರನ್ನೂ ಒಂದು ಸುತ್ತು ನೋಡಿ ಕೆಂಪು, ಹಳದಿ, ಹಸಿರು, ಕಪ್ಪು ಎಂದು ವಿಂಗಡಿಸುತ್ತದೆ. ಜೋರಾಗಿ ಕಿರುಚುವವನಿಗೆ ಉಸಿರಾದರೂ ಆಡುತ್ತಿರುತ್ತದೆ. ಸದ್ದಿಲ್ಲದೆ ಬಿದ್ದವನನ್ನು ಮೊದಲು ನೋಡಬೇಕು. ಬದುಕುವ ಸಾಧ್ಯತೆಯೇ ಇಲ್ಲದವರನ್ನು ಬಿಟ್ಟು ಮುಂದೆ ಹೋಗಬೇಕಾಗುವುದು ಈ ವೃತ್ತಿಯ ಅತ್ಯಂತ ಕಠಿಣ ಕರ್ತವ್ಯ.

ಕಾನೂನು ಈಚಿನ ವರ್ಷಗಳಲ್ಲಿ ದಾರಿಹೋಕರಿಗೆ ಒಳ್ಳೆಯ ರಕ್ಷಣೆ ಕೊಟ್ಟಿದೆ. ಸುಪ್ರೀಂ ಕೋರ್ಟ್ 2016ರ ಮಾರ್ಚ್ 30ರಂದು ನೆರವಿಗೆ ಬಂದವರ ರಕ್ಷಣೆಯ ಮಾರ್ಗಸೂಚಿಗೆ ಮುದ್ರೆ ಒತ್ತಿತು. ಅದೇ ವರ್ಷ ಕರ್ನಾಟಕ ಇದಕ್ಕೆಂದೇ ಕಾಯ್ದೆ ರೂಪಿಸಿತು. 2018ರಲ್ಲಿ ರಾಷ್ಟ್ರಪತಿಯವರ ಅಂಕಿತ ಸಿಕ್ಕಿತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಸೆಕ್ಷನ್ ಸೇರಿತು: ಪ್ರತಿಫಲ ಬಯಸದೆ, ಸದ್ಭಾವನೆಯಿಂದ ನೆರವಾದವರ ಮೇಲೆ ಮೊಕದ್ದಮೆ ಇಲ್ಲ.

ಸಂಬಳಕ್ಕೆ ದುಡಿಯುವ ಇಎಂಟಿಗೆ ಈ ಕೊಡೆ ಸಾಲದು. ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ ನ್ಯಾಯ ಸಂಹಿತೆಯ 106ನೇ ಸೆಕ್ಷನ್ ಐದು ವರ್ಷದವರೆಗೆ ಶಿಕ್ಷೆ ಹೇಳುತ್ತದೆ; ಚಿಕಿತ್ಸೆ ನೀಡುವಾಗ ಆದದ್ದಾದರೆ ನೋಂದಾಯಿತ ವೈದ್ಯರಿಗೆ ಅದು ಎರಡು ವರ್ಷ. ಇಎಂಟಿ ನೋಂದಾಯಿತ ವೈದ್ಯರಲ್ಲ. 2021ರ ಸಹಾಯಕ ಆರೋಗ್ಯ ವೃತ್ತಿಪರರ ಕಾಯ್ದೆ ತುರ್ತು ವೈದ್ಯಕೀಯ ತಂತ್ರಜ್ಞರನ್ನು ತನ್ನ ಪಟ್ಟಿಗೆ ಸೇರಿಸಿ ಓದು, ನೋಂದಣಿಯ ದಾರಿ ತೆರೆದಿದೆ. ಹೊಣೆಯನ್ನು ಪೂರ್ತಿ ಹೊರಿಸಿದ ಮೇಲೆ ಸ್ಥಾನವನ್ನೂ ರಕ್ಷಣೆಯನ್ನೂ ಪೂರ್ತಿ ಕೊಡುವುದೇ ನ್ಯಾಯ. ಅಲ್ಲಿಯವರೆಗೆ ಅವರನ್ನು ಕಾಯುವುದು ಅವರೇ ತುಂಬಿದ ರೋಗಿ ಆರೈಕೆಯ ನಮೂನೆ: ಸ್ಥಳ ಮುಟ್ಟಿದ ಸಮಯ, ಬಿಪಿ, ಪಲ್ಸ್, ಕೊಟ್ಟ ಔಷಧ, ರೋಗಿಯ ಮೈಮೇಲಿದ್ದ ಸರ, ಪರ್ಸು, ಕೊನೆಗೆ ವಹಿಸಿಕೊಂಡವರ ಸಹಿ. ಕ್ಯಾಜುವಾಲ್ಟಿಯಲ್ಲಿ ಗದ್ದಲವಿದ್ದರೂ ಆ ಸಹಿಗಾಗಿ ಅವರು ಪಟ್ಟು ಹಿಡಿದು ನಿಲ್ಲುವುದು ಇದಕ್ಕೇ.

ನಾವು ಮಾಡಬೇಕಾದ್ದು ಹೆಚ್ಚೇನಿಲ್ಲ. ಕರೆ ಮಾಡಿದಾಗ ಊರು, ರಸ್ತೆ, ಹತ್ತಿರದ ಗುರುತು ಹೇಳಿ. ಫೋನ್ ಇಡಬೇಡಿ, ಆಫ್ ಮಾಡಬೇಡಿ. ದೂರದ ದೊಡ್ಡಾಸ್ಪತ್ರೆಗೇ ಹೋಗಬೇಕೆಂದು ಹಟ ಹಿಡಿಯಬೇಡಿ. ಮೊದಲ ಒಂದು ಗಂಟೆ ಚಿನ್ನದಷ್ಟು ಬೆಲೆಯದು. ಅಪಘಾತ ಕಂಡರೆ ಪೊಲೀಸರ ಭಯವಿಲ್ಲದೆ ನಿಂತು ನೆರವಾಗಿ, ಹೆಸರು ಹೇಳಲೇಬೇಕೆಂಬ ಒತ್ತಾಯವೂ ಇಲ್ಲ. ಸೈರನ್ ಕೇಳಿದರೆ ದಾರಿ ಬಿಡಿ. ಬಿಡದಿದ್ದರೆ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡೂ ಆಗಬಹುದು.