ಹೂವು ಮುಗಿದ ಮೇಲಿನ ಆರು ವಾರ

ಟ್ಯುಲಿಪ್ ಎಂದೊಡನೆ ಎಲ್ಲರಿಗೂ ನೆನಪಾಗುವುದು ನೆದರ್ಲೆಂಡ್ಸ್. ಆದರೆ ಈ ಹೂವಿನ ತವರು ಇದಲ್ಲ. ಚಳಿಗಾಲ ಕಠೋರವೂ ಬೇಸಿಗೆ ಶುಷ್ಕವೂ ಆಗಿರುವ ಮಧ್ಯ ಏಷ್ಯಾದ ಪರ್ವತಗಳು. ಆಟೊಮನ್ ತುರ್ಕರ ಉದ್ಯಾನಗಳನ್ನು ಹಾದು ಯುರೋಪಿಗೆ ಬಂದ ಗೆಡ್ಡೆಗಳನ್ನು ಸಸ್ಯವಿಜ್ಞಾನಿ ಕರೋಲಸ್ ಕ್ಲೂಸಿಯಸ್ 1593ರಲ್ಲಿ ಲೈಡನ್ ವಿಶ್ವವಿದ್ಯಾಲಯದ ಸಸ್ಯೋದ್ಯಾನದಲ್ಲಿ ನೆಟ್ಟರು. ಮರುವರ್ಷ ಅವು ಅರಳಿದವು. ಅದೇ ಊರಿನಲ್ಲಿ ನೆಲೆಸಿ, ಹಿತ್ತಲಿನ ಅಂಗೈಯಗಲ ನೆಲದಲ್ಲಿ ಟ್ಯುಲಿಪ್ ಬೆಳೆಸುತ್ತಿರುವ ನನಗೆ ಈ ವಲಸೆಯ ಕಥೆ ಪರಕೀಯವೇನಲ್ಲ.

ಇಲ್ಲಿನ ಕಡಲ ಹವೆ ಈ ಗಿಡಕ್ಕೆ ಅರ್ಧ ವರ, ಅರ್ಧ ಶಾಪ. ಟ್ಯುಲಿಪ್ ಗೆಡ್ಡೆಗೆ ಹನ್ನೆರಡರಿಂದ ಹದಿನಾರು ವಾರಗಳ ಕಾಲ ಸುಮಾರು 9 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಉಷ್ಣಾಂಶ ಬೇಕು. ಇಲ್ಲದಿದ್ದರೆ ಹೂದಂಟು ಸರಿಯಾಗಿ ಮೇಲೇಳದು. ಬೆಂಗಳೂರಿನ ಅಂಗಳಕ್ಕೆ ಅದು ಒಗ್ಗದಿರುವುದು ಇದೇ ಕಾರಣಕ್ಕೆ. ಈ ತಂಪು ಇಲ್ಲಿ ಧಾರಾಳ. ತೊಡಕಿರುವುದು ನೀರಿನಲ್ಲಿ. ಇಲ್ಲಿ ಮಳೆಗೆ ಋತುವಿಲ್ಲ, ಬೇಸಿಗೆಯಲ್ಲೂ ಸುರಿಯುತ್ತದೆ. ಒಣ ನೆಲದಲ್ಲಿ ವಿಶ್ರಮಿಸಬೇಕಾದ ಗೆಡ್ಡೆ ಒದ್ದೆ ಮಣ್ಣಿನಲ್ಲಿ ಕೊಳೆಯುತ್ತದೆ. ಆದ್ದರಿಂದಲೇ ವೃತ್ತಿಪರ ಬೆಳೆಗಾರರು ಬೇಸಿಗೆಯಲ್ಲಿ ಗೆಡ್ಡೆಗಳನ್ನು ಅಗೆದು ಒಣಗಿಸಿಟ್ಟು, ಶರತ್ಕಾಲದಲ್ಲಿ ಮತ್ತೆ ನೆಡುತ್ತಾರೆ.

ಮನೆಗಳಲ್ಲಿ ಇಷ್ಟು ತಾಳ್ಮೆ ಕಾಣುವುದು ಅಪರೂಪ. ಪ್ರಸಿದ್ಧ ಕ್ಯೂಕೆನ್‌ಹೋಫ್ ಉದ್ಯಾನದಲ್ಲಿ ಪ್ರತಿವರ್ಷ ಸುಮಾರು 70 ಲಕ್ಷ ಗೆಡ್ಡೆಗಳನ್ನು ಹೊಸದಾಗಿ ನೆಡುತ್ತಾರೆ. ವಸಂತದ ಪ್ರದರ್ಶನ ಮುಗಿದೊಡನೆ ಕಿತ್ತು ತೆಗೆಯುತ್ತಾರೆ. ಪ್ರದರ್ಶನಕ್ಕೆ ಅದು ಅನಿವಾರ್ಯವಿರಬಹುದು. ಆದರೆ ಅಕ್ಟೋಬರ್‌ನಲ್ಲಿ ಚೀಲಗಟ್ಟಲೆ ಕೊಂಡು, ಮೇ ತಿಂಗಳಲ್ಲಿ ಕಸದ ತೊಟ್ಟಿಗೆ ಸುರಿಯುವ ಅಭ್ಯಾಸ ಮನೆಯಂಗಳಕ್ಕೂ ಬಂದಿದೆ. ಇದು ಹಣದ ಪ್ರಶ್ನೆ ಮಾತ್ರವಲ್ಲ. ಹೂಗೆಡ್ಡೆಗಳ ಕೃಷಿಯಲ್ಲಿ ಬಳಕೆಯಾಗುವ ರಾಸಾಯನಿಕಗಳ ಬಗ್ಗೆ ಈ ದೇಶದಲ್ಲಿ ಬಹುಕಾಲದಿಂದ ಕಳವಳವಿದೆ. ನಾವು ಎಸೆಯುವ ಪ್ರತಿ ಗೆಡ್ಡೆಯೂ ಇನ್ನೊಂದನ್ನು ಹಾಗೆ ಬೆಳೆಯಲು ಕೊಡುವ ಅನುಮತಿಯೇ ಸರಿ.

ಪರ್ಯಾಯ ಕಷ್ಟದ್ದೇನಲ್ಲ. ‘ಅಪೆಲ್ಡೋರ್ನ್’ನಂಥ ಡಾರ್ವಿನ್ ಸಂಕರ ತಳಿಗಳು, ಅಥವಾ ತುರ್ಕೆಸ್ತಾನಿಕಾದಂಥ ಪುಟ್ಟ ಕಾಡುಜಾತಿಗಳು ವರ್ಷವರ್ಷವೂ ಮರಳಿ ಅರಳಬಲ್ಲವು. ಅವಕ್ಕೆ ಬಿಸಿಲು ಬೀಳುವ ಜಾಗ, ನೀರು ನಿಲ್ಲದಂತೆ ಮರಳು ಬೆರೆಸಿ ಎತ್ತರಿಸಿದ ಪಾತಿ ಬೇಕು. ನೆಡಲು ನವೆಂಬರ್ ಸೂಕ್ತ. ಮಣ್ಣು ತಣಿದಿದ್ದರೆ ಶಿಲೀಂಧ್ರ ರೋಗದ ಭಯ ಕಡಿಮೆ. ಆಳ ಗೆಡ್ಡೆಯ ಎತ್ತರದ ಮೂರು ಪಟ್ಟು, ಎಂದರೆ ಹದಿನೈದು ಸೆಂಟಿಮೀಟರ್‌ನಷ್ಟು ಇರಲಿ.

ನಿಜವಾದ ಪರೀಕ್ಷೆ ಹೂವು ಬಾಡಿದ ಮೇಲೆ. ಬೀಜ ಕಟ್ಟುವ ಮೊದಲೇ ಹೂವನ್ನು ಚಿವುಟಿ ಹಾಕಿ, ಎಲೆಗಳನ್ನು ಮಾತ್ರ ಸುಮಾರು ಆರು ವಾರ, ಅವು ತಾವಾಗಿ ಹಳದಿಯಾಗುವ ತನಕ, ಮುಟ್ಟದೆ ಬಿಡಬೇಕು. ಮುಂದಿನ ವಸಂತದ ಹೂವಿಗೆ ಬೇಕಾದ ಆಹಾರವನ್ನು ಗೆಡ್ಡೆಗೆ ತುಂಬುವುದು ಆ ಎಲೆಗಳೇ. ಗೆಡ್ಡೆಯ ಹೊಲಗಳಲ್ಲಿ ತುಂಬು ಬಣ್ಣದ ಹೂಗಳನ್ನೇ ಯಂತ್ರದಿಂದ ಸವರಿ ಹಾಕುವುದನ್ನು ಕಂಡು ಪ್ರವಾಸಿಗರು ಮರುಗುತ್ತಾರೆ. ಆದರೆ ಬೆಳೆಗಾರನ ಬೆಳೆ ಹೂವಲ್ಲ, ಗೆಡ್ಡೆ.

ಆ ಆರು ವಾರ ನನ್ನ ಪಾತಿ ನೋಡಲು ಚೆನ್ನಾಗಿರುವುದಿಲ್ಲ. ಜೋತುಬಿದ್ದ ಹಳದಿ ಎಲೆಗಳನ್ನು ಕಂಡ ನೆರೆಯವರು ಕತ್ತರಿ ಬೇಕೇ ಎಂದು ಸೌಜನ್ಯದಿಂದಲೇ ಕೇಳುತ್ತಾರೆ. ಮಲೆನಾಡಿನ ನಮ್ಮ ಮನೆಗಳಲ್ಲಿ, ಮೆಕ್ಸಿಕೋದಿಂದ ಬಂದ ಡೇರೆಯ ಗೆಡ್ಡೆಯನ್ನು ಗಿಡ ಒಣಗಿದ ಮೇಲೆ ಜತನವಾಗಿ ತೆಗೆದಿಟ್ಟು, ಮಳೆಗಾಲಕ್ಕೆ ನೆಟ್ಟು, ನೆರೆಮನೆಗೂ ಹಂಚುತ್ತಿದ್ದ ಹೆಂಗಸರಿಗೆ ಇದನ್ನು ಯಾರೂ ವಿವರಿಸಬೇಕಿರಲಿಲ್ಲ. ಅರಳಿದಾಗ ಮೆಚ್ಚುವುದು ಯಾರಿಂದಲೂ ಆಗುತ್ತದೆ. ಅಂದಗೆಟ್ಟ ದಿನಗಳಲ್ಲಿಯೂ ಉಳಿಸಿಕೊಂಡವರಿಗೇ ಅದನ್ನು ‘ಬೆಳೆಸಿದೆ’ ಎನ್ನುವ ಹಕ್ಕು.